ನಿಕಲ್ ಹಾಕಿದ್ರೂ ಪಿಯಾನೋ ಸರಿಯಾಗಿ ನುಡೀತಿಲ್ವಾ? ಮೊದ್ಲು ಗಾಳಿ ಎಲ್ಲಿ ಸೋರ್ತಿದೆ ನೋಡಿ

ನನ್ನ ಹತ್ರ ಇರೋದು 1920ರ ದಶಕದಲ್ಲಿ ಶಿಕಾಗೋದಲ್ಲೇ ಮಾಡಿದ ಕಾಯಿನ್ ಪಿಯಾನೋ, ಅಂದ್ರೆ ನಾಣ್ಯ ಹಾಕಿದ್ರೆ ತೂತು ಹೊಡೆದ ಪೇಪರ್ ರೋಲಿನಿಂದ ತಾನೇ ನುಡಿಯೋದು, ಆಗಿನ ಬಾರು ಹೋಟೆಲುಗಳಲ್ಲಿ ಗೋಡೆಗೆ ಒತ್ತಿ ನಿಲ್ಲಿಸ್ತಿದ್ರಲ್ಲ ಆ ಜಾತಿದು. ಮನೆಗೆ ತಂದ ದಿನಾನೇ ಐದು ಸೆಂಟಿನ ನಿಕಲ್ ಹಾಕ್ದೆ. ಮೋಟರ್ ಗುಂಯ್ ಅಂತು, ರೋಲ್ ಹೊರಟಿತು, ಆದ್ರೆ ಸೌಂಡು ಜ್ವರ ಬಂದು ಎದ್ದವರ ದನಿ ಥರ, ಎರಡು ನೋಟ್ (ಸ್ವರ) ಪೂರ್ತಿ ಸತ್ತಿದ್ವು, ಮೂರನೇ ಹಾಡಿನ ಮಧ್ಯದಲ್ಲಿ ಇದ್ದಕ್ಕಿದ್ದಂಗೆ ರೋಲ್ ಹಿಂದಕ್ಕೆ ಸುತ್ಕೊಳ್ಳೋಕೆ ಶುರು ಮಾಡ್ತು. ಈ ಮೂರೂ ದೋಷ ಒಂದೊಂದಾಗಿ ಹೇಗೆ ಹಿಡಿದೆ ಅಂತ ಬರೀತಿದೀನಿ, ಯಾಕಂದ್ರೆ ನಾನು ಮೊದಲ ಎರಡು ತಿಂಗಳು ತಪ್ಪು ಜಾಗದಲ್ಲೇ ಸ್ಕ್ರೂ ಬಿಚ್ತಾ ಕೂತಿದ್ದೆ, ಆ ಎರಡು ತಿಂಗಳು ನಿಮಗೆ ಉಳೀಲಿ ಅಂತ.

ಇದು ಹೇಗೆ ಕೆಲಸ ಮಾಡತ್ತೆ ಅನ್ನೋದು ಗೊತ್ತಿಲ್ದೆ ಬಿಚ್ಚಬೇಡಿ. ಹಾರ್ಮೋನಿಯಂ ಗೊತ್ತಿದ್ದವರಿಗೆ ಬೇಗ ಅರ್ಥ ಆಗತ್ತೆ. ಹಾರ್ಮೋನಿಯಂನಲ್ಲಿ ತಿದಿ ಗಾಳಿನ ಒಳಗಿಂದ ಹೊರಕ್ಕೆ ತಳ್ಳತ್ತೆ, ಇಲ್ಲಿ ಉಲ್ಟಾ, ಕೆಳಗಿರೋ ಪಂಪು ಇಡೀ ಮೆಷೀನಿನ ಒಳಗಿನ ಗಾಳಿನ ಎಳ್ಕೋತಾ ಇರತ್ತೆ. ಪೇಪರ್ ರೋಲ್ ಒಂದು ಹಿತ್ತಾಳೆ ಪಟ್ಟಿ ಮೇಲೆ ಜಾರ್ತಾ ಹೋಗತ್ತೆ, ಅದಕ್ಕೆ ಟ್ರ್ಯಾಕರ್ ಬಾರ್ ಅಂತಾರೆ, ಅದರ ತುಂಬ ಸಾಲಾಗಿ ತೂತು. ಪೇಪರಿನ ತೂತು ಬಾರಿನ ತೂತಿನ ಮೇಲೆ ಬಂದ ಕ್ಷಣ ಹೊರಗಿನ ಗಾಳಿ ಆ ನಳಿಗೆಯಲ್ಲಿ ಒಳಗೆ ನುಗ್ಗತ್ತೆ, ಪೌಚ್ ಅನ್ನೋ ತೆಳು ಚರ್ಮದ ಬಿಲ್ಲೆನ ಮೇಲಕ್ಕೆತ್ತತ್ತೆ, ಪೌಚ್ ವಾಲ್ವನ್ನ ಎತ್ತತ್ತೆ, ವಾಲ್ವ್ ಎದ್ದಾಗ ಆ ನೋಟಿನ ಚಿಕ್ಕ ತಿದಿಗೆ ಪಂಪಿನ ಎಳೆತ ಸಿಕ್ಕಿ ಅದು ಫಟ್ ಅಂತ ಮುಚ್ಕೊಳ್ಳತ್ತೆ, ಆ ಜಗ್ಗಿಗೆ ಹ್ಯಾಮರ್ ಹೋಗಿ ತಂತಿಗೆ ಬಡಿಯತ್ತೆ. ಪೇಪರ್ ತೂತು ಮುಗಿದ ಮೇಲೆ ನಳಿಗೆಯಲ್ಲಿ ಉಳಿದ ಗಾಳಿ ಹೊರಗೆ ಹೋಗ್ಬೇಕಲ್ಲ, ಅದಕ್ಕೆ ಬ್ಲೀಡ್ ಅಂತ ಸೂಜಿಮೊನೆಯಷ್ಟು ಸಣ್ಣ ತೂತು ಇರತ್ತೆ, ಅದರ ಮೂಲಕ ಪಂಪು ಆ ಗಾಳಿನ ಎಳ್ಕೊಂಡು ವಾಲ್ವನ್ನ ಕೆಳಗೆ ಕೂರಿಸತ್ತೆ. ನಮ್ಮ ಕಡೆ ರೇಷ್ಮೆ ಸೀರೆ ಮಗ್ಗದ ಮೇಲೆ ಜಕಾರ್ಡ್ ರಟ್ಟು ನೋಡಿದ್ರೆ ಈ ರೋಲು ಅದೇ ಮನೆತನದ್ದು ಅಂತ ಗೊತ್ತಾಗತ್ತೆ, ತೂತಿದ್ರೆ ಒಂದು ಕೆಲಸ, ಇಲ್ದಿದ್ರೆ ಇನ್ನೊಂದು.

ಈ ವಾಲ್ವು ತಿದಿಗಳನ್ನ ಹಳೇ ಕಾಲದ ಆಟಿಕೆ ಅಂತ ತಿಳ್ಕೋಬೇಡಿ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನಲ್ಲಿ ಇದೇ ಥರ ಪಿಯಾನೋ ಮಾಡ್ತಿದ್ದ ಲಿಂಕ್ ಕಂಪನಿ ಮಾಲೀಕರ ಮಗ ಎಡ್ವಿನ್ ಲಿಂಕ್, ಅಪ್ಪನ ಫ್ಯಾಕ್ಟರಿಯ ತಿದಿ ಪಂಪುಗಳನ್ನೇ ಇಟ್ಕೊಂಡು 1929ರಲ್ಲಿ ಪೈಲಟ್‌ಗಳಿಗೆ ನೆಲದ ಮೇಲೇ ವಿಮಾನ ಓಡಿಸೋದು ಕಲಿಸೋ ಟ್ರೈನರ್ ಮಾಡ್ದ. ಎರಡನೇ ಮಹಾಯುದ್ಧದಲ್ಲಿ ಪೈಲಟ್‌ಗಳು ಅದ್ರಲ್ಲಿ ಕೂತು ಕಲಿತ್ರು. ಚರ್ಮ, ಬಟ್ಟೆ, ಮರ, ಅಂಟು, ಇಷ್ಟರಲ್ಲಿ ಅಷ್ಟು ನಂಬಿಕೆಯ ಕೆಲಸ ಆಗತ್ತೆ, ಗಾಳಿ ಸೋರದಿದ್ರೆ.

ನಾಣ್ಯ ಹಾಕಿದ್ರೂ ಏನೂ ಆಗ್ತಿಲ್ಲ

ಇದು ಸುಲಭದ್ದು. ಪ್ಲಗ್ ತೆಗೆದು ನಾಣ್ಯ ಬೀಳೋ ದಾರಿ ನೋಡಿ. ನಾಣ್ಯದ ಭಾರಕ್ಕೆ ಒಂದು ಲಿವರ್ ಬಾಗಿ ಸ್ವಿಚ್ ಹಾಕತ್ತೆ, ಆ ಲಿವರಿನ ಗೂಟದಲ್ಲಿ ಯಾರೋ ಹಿಂದೆ ಹಾಕಿದ ಎಣ್ಣೆ ಗಟ್ಟಿಯಾಗಿ ಗೋಂದು ಆಗಿರತ್ತೆ. ಸ್ಪಿರಿಟ್ಟಲ್ಲಿ ಒರೆಸಿ ಒಣ ಬಿಡಿ, ಮತ್ತೆ ಎಣ್ಣೆ ಹಾಕ್ಬೇಡಿ. ಅಮೆರಿಕದ ನಿಕಲ್ 1866ರಿಂದ ಇವತ್ತಿನವರೆಗೂ 5 ಗ್ರಾಮೇ, ಹಾಗಾಗಿ ಹಳೇ ನಾಣ್ಯ ಹುಡುಕೋ ಅಗತ್ಯ ಇಲ್ಲ, ಇವತ್ತಿನ ಚಿಲ್ಲರೆನೇ ಸಾಕು. ಮೋಟರ್ ಹಳೇದೇ ಇದ್ರೆ ಅದು ಡಿಸಿ ಮೋಟರಾ ಅಂತ ಅದರ ಮೇಲಿನ ತಗಡು ಓದಿ, ಆ ಕಾಲದಲ್ಲಿ ಹಲವು ದೊಡ್ಡ ಊರುಗಳ ಮಧ್ಯಭಾಗದಲ್ಲಿ ಡಿಸಿ ಕರೆಂಟೇ ಇತ್ತು, ಅದನ್ನ ಇವತ್ತಿನ ಎಸಿ ಪ್ಲಗ್ಗಿಗೆ ನೇರ ಸಿಕ್ಕಿಸಿದ್ರೆ ಸುಟ್ಟು ಹೋಗತ್ತೆ. ವೈರಿನ ಬಟ್ಟೆ ಹೊದಿಕೆ ಉದುರ್ತಿದ್ರೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ವೈರ್ ಬದಲಾಯಿಸಿ, ಉಳಿದದ್ದೆಲ್ಲ ಆಮೇಲೆ.

ಇಡೀ ಪಿಯಾನೋ ಸೊರಗಿದಂಗೆ ನುಡಿಯೋದು

ಇಲ್ಲಿ ನಾನು ಮಾಡಿದ ತಪ್ಪು ಏನಂದ್ರೆ ಕಿವಿ ನಂಬಿದ್ದು. ಹಿಸ್ ಅನ್ನೋ ಸದ್ದು ಪಂಪಿನ ಕಡೆಯಿಂದ ಬರ್ತಿತ್ತು, ಹಾಗಾಗಿ ಪಂಪೇ ಹೋಗಿದೆ ಅಂತ ಪಂಪ್ ಬಿಚ್ಚಿ ಬಟ್ಟೆ ಪೂರ್ತಿ ಹೊಸದು ಹಾಕ್ದೆ, ಮೂರು ವಾರ ಹೋಯ್ತು, ಜೋಡಿಸಿ ನೋಡಿದ್ರೆ ಸೌಂಡು ಅಷ್ಟೇ. ಅಳತೆ ಮಾಡದೆ ಬಿಚ್ಚಿದ್ದಕ್ಕೆ ಹಾಗಾಯ್ತು.

ಅಳತೆಗೆ ದುಬಾರಿ ಗೇಜ್ ಬೇಕಾಗಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನ ಯು ಆಕಾರದಲ್ಲಿ ಒಂದು ಉದ್ದ ಹಲಗೆಗೆ ಹೊಡೀರಿ, ಪ್ರತಿ ಕಾಲೂ ನಾಲ್ಕು ಅಡಿ ಎತ್ತರ ಇರ್ಲಿ, ಅರ್ಧದವರೆಗೆ ನೀರು ತುಂಬಿ ಎರಡು ಹನಿ ಅಡುಗೆ ಬಣ್ಣ ಹಾಕಿ. ಒಂದು ತುದಿ ಮೆಷೀನಿಗೆ, ಇನ್ನೊಂದು ತುದಿ ಖಾಲಿ. ಮೋಟರ್ ಶುರುವಾದಾಗ ಒಂದು ಕಡೆ ನೀರು ಏರತ್ತೆ, ಇನ್ನೊಂದು ಕಡೆ ಇಳಿಯತ್ತೆ, ಎರಡೂ ಮಟ್ಟದ ನಡುವಿನ ಪೂರ್ತಿ ಅಂತರವೇ ಎಳೆತ, ಒಂದು ಕಡೆ ಏರಿದ್ದಷ್ಟೇ ಅಳೆದ್ರೆ ಅರ್ಧ ಮಾತ್ರ ಬರತ್ತೆ. ಪೈಪ್ ಗಿಡ್ಡ ಇದ್ರೆ ನೀರು ನೇರ ಮೆಷೀನೊಳಗೆ ಹೋಗಿ ಚರ್ಮದ ಪೌಚುಗಳನ್ನೆಲ್ಲ ಹಾಳು ಮಾಡತ್ತೆ, ಅದಕ್ಕೇ ನಾಲ್ಕು ಅಡಿ ಅಂದಿದ್ದು. ಇಂಥ ಕಾಯಿನ್ ಪಿಯಾನೋಗಳಿಗೆ ಸುಮಾರು 20ರಿಂದ 30 ಇಂಚು ನೀರಿನಷ್ಟು ಎಳೆತ ಇದ್ರೆ ಜೀವ ಬರತ್ತೆ.

ಈಗ ಭಾಗ ಭಾಗ ಮಾಡಿ ನೋಡಿ. ಪಂಪಿನಿಂದ ಮೇಲಕ್ಕೆ ಹೋಗೋ ದಪ್ಪ ಪೈಪುಗಳನ್ನೆಲ್ಲ ಕಳಚಿ ಬಿರಡೆ ಹಾಕಿ ಪಂಪ್ ಒಂದನ್ನೇ ಓಡಿಸಿ. ನನ್ನದ್ರಲ್ಲಿ 30ರ ಮೇಲೆ ಹೋಯ್ತು, ಅಂದ್ರೆ ಪಂಪ್ ಆರೋಗ್ಯವಾಗಿದೆ. ಗಾಳಿ ಸಮ ಮಾಡೋ ದೊಡ್ಡ ತಿದಿ ಜೋಡಿಸ್ದೆ, ಒಂದಿಂಚು ಇಳೀತು, ಪರವಾಗಿಲ್ಲ. ರೋಲ್ ಓಡಿಸೋ ಕಡೆ ಹೋಗೋ ಪೈಪ್ ಜೋಡಿಸ್ದೆ, ಏನೂ ಆಗ್ಲಿಲ್ಲ. ಮೇಲಿನ ಸ್ಟ್ಯಾಕ್, ಅಂದ್ರೆ ಎಲ್ಲ ನೋಟಿನ ವಾಲ್ವು ತಿದಿ ಇರೋ ಮರದ ಪೆಟ್ಟಿಗೆ, ಅದನ್ನ ಜೋಡಿಸಿದ ಕೂಡ್ಲೆ ನೀರು ಧಡಕ್ಕಂತ 14ಕ್ಕೆ ಬಿತ್ತು. ಕಳ್ಳ ಅಲ್ಲೇ ಇದ್ದ, ಇಪ್ಪತ್ತು ನಿಮಿಷದ ಕೆಲಸ ಅದು.

ಸ್ಟ್ಯಾಕಿನಲ್ಲಿ ಸೋರ್ತಿದೆ ಅಂದ ತಕ್ಷಣ ಬಿಚ್ಚಬೇಡಿ ದಯವಿಟ್ಟು. ಇಲ್ಲಿನ ಚಳಿಗಾಲದಲ್ಲಿ ಮನೆ ಹೀಟರಿಗೆ ಮರ ಒಣಗಿ ಕುಗ್ಗತ್ತೆ, ಮರದ ಎರಡು ಹಲಗೆ ನಡುವೆ ಇರೋ ಚರ್ಮದ ಗ್ಯಾಸ್ಕೆಟ್ ವರ್ಷಗಟ್ಟಲೆ ಒತ್ತಿಸ್ಕೊಂಡು ಚಪ್ಪಟೆ ಆಗಿರತ್ತೆ, ಸ್ಕ್ರೂಗಳು ಸಡಿಲ ಆಗಿರ್ತವೆ. ಕೈ ಸ್ಕ್ರೂಡ್ರೈವರ್ ತಗೊಂಡು ಮಧ್ಯದಿಂದ ಶುರು ಮಾಡಿ ಎರಡೂ ತುದಿ ಕಡೆ ಹೋಗ್ತಾ ಒಂದೊಂದು ಸ್ಕ್ರೂನ ಕಾಲು ಸುತ್ತು ಬಿಗಿ ಮಾಡಿ, ಡ್ರಿಲ್ ಮೆಷೀನ್ ಬೇಡವೇ ಬೇಡ, ನೂರು ವರ್ಷದ ಮರದಲ್ಲಿ ಸ್ಕ್ರೂ ಹಿಡಿಯೋ ಮರೆ ಒಂದೇ ಸಲಕ್ಕೆ ಹೋಗ್ಬಿಡತ್ತೆ. ನಂದು ಬರೀ ಇಷ್ಟಕ್ಕೇ 14ರಿಂದ 21ಕ್ಕೆ ಬಂತು. ಹೊಸ ಬಟ್ಟೆ ಇಲ್ಲ, ಹೊಸ ಚರ್ಮ ಇಲ್ಲ, ಪಂಪ್ ಬಿಚ್ಚಿದ್ದು ಬೇಕಾಗಿರಲೇ ಇಲ್ಲ.

ಸತ್ತ ನೋಟು ಎರಡು ಥರ

ಈ ಭಾಗ ನಿಧಾನ ಓದಿ, ಜನ ಹೆಚ್ಚು ಎಡವೋದು ಇಲ್ಲೇ.

ನೋಟ್ ನುಡೀತಿಲ್ಲ ಅಂದ್ರೆ ಮೊದ್ಲು ಮೆಷೀನ್ ಆಫ್ ಇದ್ದಾಗ ಬೆರಳಿಂದ ಒತ್ತಿ ನೋಡಿ. ಬೆರಳಿಗೂ ನುಡೀದಿದ್ರೆ ದೋಷ ಪಿಯಾನೋದ್ದು, ಹ್ಯಾಮರ್ ಮುರಿದಿರ್ಬಹುದು, ತೇವಕ್ಕೆ ಬೆರಳೊತ್ತೋ ಪಟ್ಟಿ (ಕೀ) ಉಬ್ಬಿ ಹಿಡ್ಕೊಂಡಿರ್ಬಹುದು, ಗಾಳಿ ಕಡೆ ಹೋಗ್ಲೇಬೇಡಿ. ಬೆರಳಿಗೆ ಚೆನ್ನಾಗಿ ನುಡಿದು ರೋಲಿಗೆ ಮಾತ್ರ ನುಡೀತಿಲ್ಲ ಅಂದ್ರೆ ಮುಂದೆ ಓದಿ.

ನಂದ್ರಲ್ಲಿ ಎರಡು ನೋಟ್ ಸತ್ತಿದ್ವು ಅಂದ್ನಲ್ಲ. ಟ್ರ್ಯಾಕರ್ ಬಾರಿನ ತೂತಲ್ಲಿ ಪೇಪರ್ ಧೂಳು ಕೂತಿರತ್ತೆ ಅಂತ ಎರಡನ್ನೂ ಕ್ಲೀನ್ ಮಾಡ್ದೆ. ಒಂದು ಜೀವ ಬಂತು, ಇನ್ನೊಂದು ಜಪ್ಪಯ್ಯ ಅನ್ಲಿಲ್ಲ. ಮತ್ತೆ ಕ್ಲೀನ್ ಮಾಡ್ದೆ, ಮತ್ತೆ ಮಾಡ್ದೆ. ಆಗ ನಮ್ಮ ಮಾವ ಧಾರವಾಡದಿಂದ ಬಂದಿದ್ರು, ಅವರು ಮೊದಲಿಂದ ಭಜನಾ ಮಂಡಳಿ ಹಾರ್ಮೋನಿಯಂ ಎಲ್ಲ ತಾವೇ ರಿಪೇರಿ ಮಾಡೋರು, ಕುರ್ಚಿ ಹಾಕ್ಕೊಂಡು ನೋಡ್ತಾ ಕೂತಿದ್ದವರು ಎದ್ದು ಬಂದು ಹೇಳಿದ್ರು: "ಅಳಿಯಂದ್ರ, ಎರಡೂ ಸತ್ತಾವು ಅಂತೀರಿ, ಆದ್ರ ಆ ಪಟ್ಟಿ ಮ್ಯಾಲ ಇತ್ತು, ಈ ಪಟ್ಟಿ ತೆಳಗ ಕುಂತೈತಿ ನೋಡ್ರಿ. ಎರಡಕ್ಕೂ ಒಂದ ಔಷಧ ಹೆಂಗ ಹತ್ತತೈತಿ?"

"ಹೌದಲ್ಲ ಮಾವ, ನಾನು ಗಮನಿಸೇ ಇಲ್ಲ" ಅಂದೆ. ಬಗ್ಗಿ ನೋಡಿದ್ರೆ ನಿಜ, ಮೋಟರ್ ಓಡ್ತಿದ್ದಾಗ ಆ ಒಂದು ಪಟ್ಟಿ ಅಕ್ಕಪಕ್ಕದವಕ್ಕಿಂತ ಸ್ವಲ್ಪ ಕೆಳಗೇ ಕೂತಿತ್ತು, ಆಫ್ ಮಾಡಿದ್ರೆ ನಿಧಾನ ಮೇಲೆ ಬರ್ತಿತ್ತು.

ಅರ್ಥ ಏನಂದ್ರೆ, ಆರ್ಗನ್ನಲ್ಲಾದ್ರೆ ಗಾಳಿ ಸೋರಿದ ನೋಟು ನಿಲ್ಲದೆ ಕೂಗ್ತಾ ಇರತ್ತೆ, ಯಾರಿಗಾದ್ರೂ ಗೊತ್ತಾಗತ್ತೆ. ಪಿಯಾನೋದಲ್ಲಿ ಹಾಗಲ್ಲ. ಎಳೆತ ಶುರುವಾದ ಕ್ಷಣ ಹ್ಯಾಮರ್ ಒಂದೇ ಒಂದು ಸಲ ಬಡಿದು ಅಲ್ಲೇ ಹಿಡ್ಕೊಂಡು ನಿಲ್ಲತ್ತೆ, ಆಮೇಲೆ ರೋಲ್ ಎಷ್ಟು ಸಲ ಕರೆದ್ರೂ ಅದು ಹಿಂದಕ್ಕೇ ಬಂದಿಲ್ಲ, ಮತ್ತೆ ಹೇಗೆ ಬಡಿಯತ್ತೆ? ನಮಗೆ ಅದು ಸತ್ತ ನೋಟ್ ಥರ ಕಾಣತ್ತೆ. ಪಟ್ಟಿ ಮೇಲಿದ್ರೆ ಆ ನೋಟಿಗೆ ಗಾಳಿ ಬರ್ತಾನೇ ಇಲ್ಲ, ಪಟ್ಟಿ ಕೆಳಗಿದ್ರೆ ಗಾಳಿ ಬರೋದು ನಿಲ್ತಾನೇ ಇಲ್ಲ. ಒಂದಕ್ಕೊಂದು ಪೂರ್ತಿ ಉಲ್ಟಾ ದೋಷ.

ಕೆಳಗೆ ಕೂತದ್ದಕ್ಕೆ ಹೀಗೆ ಮಾಡಿ. ಇಡೀ ಟ್ರ್ಯಾಕರ್ ಬಾರಿಗೆ ಉದ್ದಕ್ಕೂ ಪೇಂಟರುಗಳು ಬಳಸೋ ಪೇಪರ್ ಟೇಪ್ ಅಂಟಿಸಿ, ಒಂದು ತೂತೂ ಬಿಡಬಾರದು. ಮೋಟರ್ ಓಡಿಸಿ. ಈಗ ಎಲ್ಲ ಪಟ್ಟಿಗಳೂ ಮೇಲೇ ಇರ್ಬೇಕು. ಯಾವುದು ಕೆಳಗೆ ಹೋಯ್ತೋ ಅದಕ್ಕೆ ಪೇಪರ್ ಬಿಟ್ಟು ಬೇರೆಲ್ಲಿಂದ್ಲೋ ಗಾಳಿ ಬರ್ತಿದೆ. ಆ ನೋಟಿನ ನಳಿಗೆ ರಬ್ಬರ್ ಆಗಿದ್ರೆ ಸ್ಟ್ಯಾಕಿಗೆ ಸೇರೋ ಜಾಗದ ಹತ್ರ ಬೆರಳಲ್ಲಿ ಹಿಚುಕಿ ಹಿಡೀರಿ. ಪಟ್ಟಿ ಮೇಲೆದ್ರೆ ಸೋರಿಕೆ ನಳಿಗೆಯಲ್ಲಿದೆ, ಏಳದಿದ್ರೆ ಒಳಗೆ ಬ್ಲೀಡ್ ಕಟ್ಟಿದೆ ಅಥವಾ ವಾಲ್ವ್ ಸರಿಯಾಗಿ ಕೂರ್ತಿಲ್ಲ. ನಂದು ಹಿಚುಕಿದ ತಕ್ಷಣ ಮೇಲೆ ಬಂತು. ಬಾರಿನ ಹಿಂದೆ ನಳಿಗೆ ಸಿಕ್ಕಿಸಿದ ಜಾಗದಲ್ಲೇ ರಬ್ಬರ್ ಗಟ್ಟಿಯಾಗಿ ಕೂದಲೆಳೆಯಷ್ಟು ಸೀಳಿತ್ತು, ಬಗ್ಗಿಸಿದಾಗ ಮಾತ್ರ ಕಾಣೋದು. ಒಂದು ಸೀಳಿದೆ ಅಂದ್ರೆ ಅದೇ ವಯಸ್ಸಿನ ಉಳಿದವೂ ಸೀಳ್ತವೆ, ಹಾಗಾಗಿ ಎಲ್ಲ ನಳಿಗೆ ಬದಲಾಯಿಸ್ದೆ, ಒಂದೊಂದೇ ತೆಗೆದು ಒಂದೊಂದೇ ಹಾಕಿ, ಎಲ್ಲ ಒಟ್ಟಿಗೆ ಕಿತ್ರೆ ಯಾವುದು ಎಲ್ಲಿಗೆ ಅಂತ ದೇವರೇ ಹೇಳ್ಬೇಕು.

ಮೇಲಿರೋ ಥರದ್ದಕ್ಕೆ, ಅಂದ್ರೆ ಗಾಳಿ ಬರದೇ ಇರೋದಕ್ಕೆ, ಟೇಪಿನಲ್ಲಿ ಆ ತೂತಿನ ಮೇಲಷ್ಟೇ ಬ್ಲೇಡಿಂದ ಕೊಯ್ದು ತೆಗೀರಿ. ನುಡಿದ್ರೆ ಮೆಷೀನ್ ಸರಿ, ರೋಲಿನ ತೂತು ಮುಚ್ಚಿದೆ ಅಥವಾ ಪೇಪರ್ ಪಕ್ಕಕ್ಕೆ ಸರಿದಿದೆ. ನುಡೀದಿದ್ರೆ ನಳಿಗೆ ಕಟ್ಟಿದೆ, ಇಲ್ಲಾ ಪೌಚ್ ಹರಿದಿದೆ, ಇಲ್ಲಾ ಚಿಕ್ಕ ತಿದಿಯ ಬಟ್ಟೆ ಮೂಲೆಯಲ್ಲಿ ಬಿಟ್ಟಿದೆ. ತೂತನ್ನ ಬಾಯಿಂದ ಊದಬೇಡಿ, ಧೂಳು ಒಳಗೆ ಹೋಗಿ ಬ್ಲೀಡಿನಲ್ಲಿ ಕೂತ್ರೆ ಸಣ್ಣ ಕೆಲಸ ದೊಡ್ಡದಾಗತ್ತೆ. ಟ್ರ್ಯಾಕರ್ ಬಾರ್ ಪಂಪ್ ಅಂತ ಕೈಲಿ ಹಿಡಿಯೋ ಚಿಕ್ಕ ಪಂಪ್ ಸಿಗತ್ತೆ, ಮೋಟರ್ ಆಫ್ ಮಾಡಿ ಅದರಿಂದ ಹೊರಕ್ಕೇ ಎಳೀರಿ.

ನಿಮ್ಮದ್ರಲ್ಲಿ ಸೀಸದ ನಳಿಗೆ ಇದ್ರೆ ಸ್ವಲ್ಪ ನಿಲ್ಲಿ. ಮರದಿಂದ ಬರೋ ಆಮ್ಲಕ್ಕೆ ಸೀಸ ತಿಂದು ಬಿಳೀ ಪುಡಿ ಆಗಿರತ್ತೆ, ನಳಿಗೆ ಕಟ್ಟೋದೂ ಅದೇ. ಅದು ವಿಷ. ಗ್ಲೌಸು ಮಾಸ್ಕು ಇಲ್ದೆ ಮುಟ್ಟಬೇಡಿ, ಬಾಯಿ ಹಚ್ಚಿ ಟೆಸ್ಟ್ ಮಾಡ್ಲೇಬೇಡಿ, ಮಕ್ಕಳಿರೋ ಮನೆ ಆದ್ರೆ ಆ ಕೆಲಸ ಒಳಗೆ ಬೇಡ, ಪುಡಿನ ಒದ್ದೆ ಬಟ್ಟೆಯಲ್ಲೇ ಒರೆಸಿ.

ಇನ್ನೊಂದು ನಡುವಿನ ಜಾತಿ ಇದೆ, ನೋಟು ನುಡಿಯತ್ತೆ ಆದ್ರೆ ಒಂದೇ ಸ್ವರ ಬೇಗ ಬೇಗ ಬರೋ ಕಡೆ ನಾಲ್ಕಕ್ಕೆ ಎರಡು ಮಾತ್ರ ಕೇಳತ್ತೆ. ಅದು ಬಹಳ ಸಲ ಬ್ಲೀಡ್ ಅರ್ಧ ಕಟ್ಟಿರೋದು, ವಾಲ್ವ್ ಕೆಳಗೆ ಬರೋಕೆ ತಡ ಆಗ್ತಿರತ್ತೆ. ಬ್ಲೀಡಿನ ತೂತಿಗೆ ಅದಕ್ಕಿಂತ ಸಣ್ಣ ತಂತಿ ಮೃದುವಾಗಿ ಹಾಕಿ ತೆಗೀರಿ. ತೂತು ದೊಡ್ಡದಾದ್ರೆ ಪೌಚಿಗೆ ಎತ್ತೋ ಬಲವೇ ಉಳಿಯಲ್ಲ.

ಹಾಡಿನ ಮಧ್ಯೆ ರಿವೈಂಡ್ ಆಗೋದು

ಇದಕ್ಕೆ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಪ್ರತಿ ಸಲ ಅದೇ ಜಾಗದಲ್ಲಾ, ಬೇರೆ ಬೇರೆ ಜಾಗದಲ್ಲಾ? ಅದೇ ಜಾಗ ಆದ್ರೆ ರೋಲು, ಬೇರೆ ಬೇರೆ ಜಾಗ ಆದ್ರೆ ಮೆಷೀನು. ನಾನು ಮೂರು ಸಲ ಓಡಿಸಿ ಪೇಪರ್ ಅಂಚಿಗೆ ಪೆನ್ಸಿಲ್ ಗುರುತು ಹಾಕ್ದೆ, ಮೂರೂ ಗುರುತು ಒಂದೇ ಕಡೆ ಬಿತ್ತು.

ನಂದು 'ಎ ರೋಲ್' (A Roll) ಹಾಕೋ ಮೆಷೀನು, ಸೀಬರ್ಗ್ ಸೇರಿ ಶಿಕಾಗೋದ ಹಲವು ಕಂಪನಿಗಳು ಬಳಸ್ತಿದ್ದ ರೋಲ್ ಅದು, 11¼ ಇಂಚು ಅಗಲ, ಇಂಚಿಗೆ ಆರು ತೂತು, ಒಂದು ರೋಲಲ್ಲಿ ಹತ್ತು ಹಾಡು. ಅದರ 58 ತೂತು ಸ್ವರಕ್ಕೆ, ಉಳಿದವು ಪೆಡಲು, ಮ್ಯಾಂಡೊಲಿನ್ ಥರದ ಸದ್ದು, ರಿವೈಂಡ್, ನಿಲ್ಸೋದು ಇಂಥ ಆಜ್ಞೆಗಳಿಗೆ. ಈ ಆಜ್ಞೆ ತೂತುಗಳು ಅಂಚಿನ ಕಡೆ ಇರ್ತವೆ, ಪೇಪರ್ ಹರಿಯೋದೂ ಅಂಚಿನಲ್ಲೇ. ನನ್ನ ರೋಲಲ್ಲಿ ಉಗುರಿನಷ್ಟು ಉದ್ದದ ಒಂದು ಹರಕು ಒಳಗೆ ರಿವೈಂಡ್ ಸಾಲಿನವರೆಗೂ ಬಂದಿತ್ತು, ಬಾರಿಗೆ ಅದು ತೂತೋ ಹರಕೋ ಅಂತ ಗೊತ್ತಾಗತ್ತಾ, ಗಾಳಿ ಬಂತು ತಾನು ಹಿಂದೆ ಸುತ್ತಿತು.

ಇಲ್ಲೇ ಇನ್ನೊಂದು ಹೇಳ್ಬಿಡ್ತೀನಿ. ಮನೆಗಳಲ್ಲಿ ಇರ್ತಿದ್ದ ಪ್ಲೇಯರ್ ಪಿಯಾನೋದ 88 ನೋಟಿನ ರೋಲೂ 11¼ ಇಂಚೇ ಅಗಲ, 1908ರಲ್ಲಿ ಬಫಲೋ ಊರಲ್ಲಿ ತಯಾರಕರೆಲ್ಲ ಸೇರಿ ಆ ಅಳತೆ ಒಪ್ಕೊಂಡ್ರು, ಆದ್ರೆ ಅದ್ರಲ್ಲಿ ಇಂಚಿಗೆ ಒಂಬತ್ತು ತೂತು. ಅಗಲ ಸರಿ ಹೋಯ್ತು ಅಂತ ಅದನ್ನ ಇದಕ್ಕೆ ಹಾಕಿದ್ರೆ ಕೇಳೋದು ಬರೀ ಗದ್ದಲ. ಮೆಷೀನ್ ಕೆಟ್ಟಿದೆ ಅಂತ ಅದನ್ನ ಬಿಚ್ಚೋಕೆ ಹೋಗೋ ಮುಂಚೆ ಸ್ಕೇಲ್ ಇಟ್ಟು ತೂತು ಎಣಿಸಿ. ವುರ್ಲಿಟ್ಜರ್ ಕಂಪನಿಯ ಪಿಯಾನೋಗಳಿಗೆ ಅವರದೇ ಬೇರೆ ರೋಲು, ಅದೂ ಇದಕ್ಕೆ ಆಗಲ್ಲ.

ಹರಿದ ರೋಲಿಗೆ ಸೆಲ್ಲೋಟೇಪ್ ಹಚ್ಚಬೇಡಿ, ಕೈ ಮುಗಿದು ಕೇಳ್ಕೋತೀನಿ. ಕೆಲವು ವರ್ಷಕ್ಕೆ ಅದು ಹಳದಿಯಾಗಿ ಅಂಟು ಒಸರಿ ಪಕ್ಕದ ಸುತ್ತಿಗೆ ಹಿಡ್ಕೊಂಡು, ಬಿಚ್ಚುವಾಗ ಒಳ್ಳೇ ಪೇಪರನ್ನೂ ಕಿತ್ಕೊಂಡು ಬರತ್ತೆ. ನಾನು ಮಾಡಿದ್ದು ಹೀಗೆ. ರೋಲನ್ನ ಗಾಜಿನ ಮೇಲೆ ಬಿಡಿಸಿ, ಮಡಚಿಕೊಂಡ ಹರಕಿನ ಅಂಚನ್ನ ಮೂಳೆ ಚೂರಿಯಿಂದ ಒಂದೊಂದು ನಾರೂ ತನ್ನ ಜಾಗಕ್ಕೆ ಬರೋ ಹಾಗೆ ನೀವಿದೆ. ಜಪಾನಿನ ತೆಳು ಟಿಶ್ಯೂ ಪೇಪರ್ ತುಂಡನ್ನ ಕತ್ತರಿಸದೆ ಒದ್ದೆ ಕುಂಚದ ಗೆರೆ ಎಳೆದು ಕೈಲೇ ಹರಿದೆ, ಹಾಗೆ ಹರಿದ್ರೆ ಅಂಚಲ್ಲಿ ನಾರು ಹೊರಗೆ ಬಂದು ಚೆನ್ನಾಗಿ ಹಿಡಿಯತ್ತೆ, ದಪ್ಪ ಗೆರೆನೂ ಆಗಲ್ಲ. ಗೋಧಿ ಪಿಷ್ಟದ ಗಂಜಿ ತೆಳ್ಳಗೆ ಸವರಿ ಅಂಟಿಸಿ, ಮೇಲೊಂದು ಒತ್ತು ಕಾಗದ, ಅದರ ಮೇಲೆ ಭಾರ, ರಾತ್ರಿ ಪೂರ್ತಿ. ಬೆಳಿಗ್ಗೆ ಟಿಶ್ಯೂ ಮುಚ್ಚಿದ್ದ ಎರಡು ಸ್ವರದ ತೂತನ್ನ ಹೊಸ ಬ್ಲೇಡಿಂದ ಬಿಡಿಸ್ದೆ. ಮನೆಯಲ್ಲಿ ಗಾಳಿಪಟಕ್ಕೆ ಮಾಡೋ ಮೈದಾ ಅಂಟು ಇಲ್ಲಿ ಬೇಡ, ಗಂಟು ಇರತ್ತೆ, ಹುಳನೂ ಬರತ್ತೆ.

ಪೇಪರ್ ಮಡಚಿದ್ರೆ ಹಪ್ಪಳದಂಗೆ ಮುರಿಯೋ ಹಂತಕ್ಕೆ ಬಂದಿದ್ರೆ ಅದನ್ನ ಇನ್ನು ಓಡಿಸಬೇಡಿ. ಈ ರೋಲುಗಳು ಆಗಿನ ಬಾರು ಹೋಟೆಲುಗಳಲ್ಲಿ ದಿನವಿಡೀ ಓಡಿ ಸವೆದು ಬಿಸಾಕಿದ ಸಾಮಾನು, ಉಳಿದದ್ದೇ ಕಡಿಮೆ. ಅಂಥದ್ದನ್ನ ಸ್ಕ್ಯಾನ್ ಮಾಡಿ ಮಿಡಿ ಫೈಲ್ (ಸ್ವರಗಳನ್ನ ಬರೆದಿಡೋ ಕಂಪ್ಯೂಟರ್ ಫೈಲ್) ಮಾಡ್ಕೊಂಡು ಹೊಸ ಪೇಪರಲ್ಲಿ ತೂತು ಹೊಡೆದು ಕೊಡೋ ಹವ್ಯಾಸಿಗಳಿದ್ದಾರೆ, ಓಡಿಸೋಕೆ ಆ ನಕಲು, ಅಸಲನ್ನ ಆಮ್ಲ ಇಲ್ಲದ ಪೆಟ್ಟಿಗೆಯಲ್ಲಿ ಇಡಿ.

ಬೇರೆ ಬೇರೆ ಜಾಗದಲ್ಲಿ ರಿವೈಂಡ್ ಆಗ್ತಿದ್ರೆ ರಿವೈಂಡ್ ನಳಿಗೆಗೆ ಮೇಲೆ ಹೇಳಿದ ಹಿಚುಕೋ ಪರೀಕ್ಷೆನೇ ಮಾಡಿ. ಹಿಂದೆ ಸುತ್ತುವಾಗ ಪೇಪರ್ ಸಡಿಲ ಆಗಿ ಅಲ್ಲಾಡ್ತಿದ್ರೆ ಬ್ರೇಕ್ ಸವೆದಿದೆ, ಬಿಗಿ ಆಗಿ ಅಂಚು ಕಿರುಗುಟ್ತಿದ್ರೆ ಬ್ರೇಕ್ ಜಾಸ್ತಿ ಆಗಿದೆ, ಮಳೆಗಾಲದ ತೇವಕ್ಕೆ ಪೇಪರ್ ಹಿಗ್ಗಿ ಸ್ಪೂಲಿನ ಅಂಚಿಗೆ ಉಜ್ಜೋದೂ ಇದೆ.

ಅಂಟಿನ ವಿಷ್ಯ

ತಿದಿಗೆ ಹೊಸ ಬಟ್ಟೆ ಹಾಕೋ ಪ್ರಸಂಗ ಬಂದ್ರೆ ಬಡಗಿಗಳು ಮರವಜ್ರ ಅಂತಾರಲ್ಲ, ಪ್ರಾಣಿ ಚರ್ಮ ಮೂಳೆ ಕಾಯಿಸಿ ಮಾಡೋ ಅಂಟು, ಅದನ್ನೇ ಬಳಸಿ, ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಕುದಿಸಿದ್ರೆ ಹಿಡಿತ ಹೋಗತ್ತೆ. ನನ್ನ ಪಿಯಾನೋದ ಸ್ಟ್ಯಾಕಲ್ಲಿ ಹಿಂದೆ ಯಾರೋ ಆರು ತಿದಿಗೆ ಅಂಗಡಿಯ ಬಿಳೀ ಅಂಟು ಹಾಕಿದ್ರು. ಮರವಜ್ರ ಹಾಕಿದ್ದವು ಬಿಸಿ ಇಸ್ತ್ರಿ ಒದ್ದೆ ಬಟ್ಟೆಗೆ ಬಿಟ್ಕೊಂಡು ಬಂದ್ವು, ಆ ಆರು ಮಾತ್ರ ಮರದ ಪದರ ಸಮೇತ ಎದ್ದು ಬಂದು ಹಲಗೆನೇ ಹೊಸದು ಮಾಡ್ಬೇಕಾಯ್ತು. ಅವತ್ತು ನಿಜಕ್ಕೂ ಬೇಜಾರಾಯ್ತು, ಇನ್ನೂ ನೂರು ವರ್ಷ ಬಾಳೋ ಮರ ಅದು.

ಹಾಡು ಮುಗಿದ್ರೂ ನಿಲ್ಲದೆ ಇರೋದು

ಪ್ರತಿ ಹಾಡಿನ ಕೊನೆಗೆ ರೋಲಲ್ಲಿ ನಿಲ್ಸೋ ತೂತು ಇರತ್ತೆ, ಅದಕ್ಕೆ ಒಂದು ತಿದಿ ಎಳೆದು ನಾಣ್ಯದ ಲಿವರನ್ನ ಬಿಡಿಸತ್ತೆ. ಒಂದು ನಿಕಲ್ಲಿಗೆ ಎರಡು ಹಾಡು ನುಡಿದ್ರೆ ಲಿವರ್ ಗೂಟ ನೋಡಿ, ಅದು ಸರಿ ಇದ್ರೆ ಆ ತಿದಿಯ ಬಟ್ಟೆ ನೋಡಿ. ಹಾಡು ಮುಗಿಯೋ ಮುಂಚೆನೇ ನಿಂತ್ರೆ ಆ ನಳಿಗೆ ಸೋರ್ತಿದೆ.

ಎಲ್ಲ ಮುಗಿದ ಮೇಲೆ ಆ ನೀರಿನ ಪೈಪ್ ಗೇಜ್ ಹಾಕಿಟ್ಟೇ ಹತ್ತು ಹಾಡೂ ಓಡಿಸಿ, ಕಳಚಬೇಡಿ. ತಣ್ಣಗಿದ್ದಾಗ ಸರಿ ಇದ್ದು ಅರ್ಧ ಗಂಟೆ ಆದ್ಮೇಲೆ ಎಳೆತ ಇಳಿಯೋ ಸೋರಿಕೆಗಳು ಆಗ್ಲೇ ಕಾಣೋದು. ನಂದು ಈಗ 24ರಲ್ಲಿ ನಿಂತಿದೆ, ಹತ್ತನೇ ಹಾಡಿನವರೆಗೂ ಅಲ್ಲಾಡಲ್ಲ, ಸಸ್ಟೇನ್ ಪೆಡಲ್ (ತಂತಿಯ ನಾದ ಉಳಿಸೋದು) ಎತ್ತೋ ಕಡೆ ಮಾತ್ರ ಒಂದೂವರೆ ಇಂಚು ಕೆಳಗೆ ಹೋಗಿ ಮತ್ತೆ ಏರತ್ತೆ. ಆ ಪೆಡಲಿನ ತಿದಿ ದೊಡ್ಡದು, ಸ್ವಲ್ಪ ಎಳ್ಕೊಳ್ಳೋದು ಸಹಜ, ಆದ್ರೂ ಒಂದೂವರೆ ಜಾಸ್ತಿ ಅನ್ಸತ್ತೆ. ಹಿಂಜ್ ಹತ್ರದ ಬಟ್ಟೆ ಮೇಲೆ ನಂಗೆ ಅನುಮಾನ, ಈ ಶನಿವಾರ ಟಾರ್ಚ್ ಹಿಡಿದು ನೋಡ್ಬೇಕು.